ಸೀರೆ ನಮ್ಮದು, ಮುಖ ಯಾರದು?

ಕಳೆದ ಸಂಚಿಕೆಯಲ್ಲಿ ಚಿಕ್ಕಬಳ್ಳಾಪುರದ ಓದುಗರೊಬ್ಬರು ಎರಡು ಸಾಲಿನ ಪ್ರಶ್ನೆ ಕಳುಹಿಸಿದ್ದರು. ಹೈದರಾಬಾದ್ ಹೆದ್ದಾರಿಯಿಂದ ಊರೊಳಗೆ ತಿರುಗುವಲ್ಲಿ ನಿಲ್ಲಿಸಿರುವ ಸೀರೆ ಅಂಗಡಿಗಳ ಫಲಕಗಳಲ್ಲಿ ಒಂದು ಮುಖವಾದರೂ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಬಣ್ಣದ್ದಾಗಿಲ್ಲವಲ್ಲ, ಏಕೆ ಎಂಬುದು ಅವರ ಪ್ರಶ್ನೆ. ನಾನು ‘ಕಪ್ಪಾದರೂ ಕಸ್ತೂರಿ ಕಸ್ತೂರಿಯೇ, ಅದಕ್ಕೆ ಫಲಕದ ಹಂಗೇಕೆ?’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಸಾಲಿಗೆ ಬಂದಷ್ಟು ಬೈಗುಳ ಈ ಅಂಕಣದ ಬೇರೆ ಯಾವ ಉತ್ತರಕ್ಕೂ ಬಂದಿರಲಿಲ್ಲ. ಗೌರಿಬಿದನೂರಿನ ಓದುಗರೊಬ್ಬರು ‘ಕಸ್ತೂರಿ ಎಂದು ಬಾಯಲ್ಲಿ ಹೊಗಳಿ, ಕೆಲಸವನ್ನು ಮಾತ್ರ ಬೆಳ್ಳಗಿದ್ದವರಿಗೆ ಕೊಡುವುದು ಹಳೆಯ ಉಪಾಯ’ ಎಂದು ಬರೆದಿದ್ದಾರೆ. ಆ ಮಾತಿಗೆ ನನ್ನಲ್ಲಿ ಮಾರುತ್ತರವಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನೆಲ್ಲ ಇದೊಂದೇ ವಿಷಯಕ್ಕೆ ಬಿಟ್ಟಿದ್ದೇನೆ. ಜಮೀನಿನ ಖಾತೆ, ಮಂಡಿನೋವು, ರಾಜಕೀಯ ಕೇಳಿದವರು ಒಂದು ಸಂಚಿಕೆ ಕಾಯಬೇಕು.

ಬೆಂಗಳೂರಿನಲ್ಲಿ ಸೀರೆ ಜಾಹೀರಾತಿಗೆ ಮಾಡೆಲ್‌ಗಳನ್ನು ಆರಿಸುತ್ತಿದ್ದಾರೆಂದು ತಿಳಿದು ಹೋಗಿದ್ದೆ. ಎತ್ತರ, ನಡಿಗೆ, ನಗು ಎಲ್ಲವನ್ನೂ ಮೆಚ್ಚಿದರು. ಕೊನೆಗೆ ‘ಹ್ಯಾಂಡ್‌ಲೂಮ್ ಕಾಟನ್ ಶೂಟ್ ಬಂದರೆ ಕರೆಯುತ್ತೇವೆ, ಬ್ರೈಡಲ್‌ಗೆ ಕ್ಲೈಂಟ್ ಒಪ್ಪುವುದಿಲ್ಲ, ಜನರಿಗೆ ಫೇರ್ ಮುಖವೇ ಬೇಕು’ ಎಂದರು. ನಿಜವಾಗಿಯೂ ಜನರಿಗೆ ಅದೇ ಬೇಕೇ?
– ಪದವಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ನಿಮಗೆ ಹೇಳಿದ ಮಾತಿನಲ್ಲಿ ಆ ಕೋಣೆಯಲ್ಲಿಲ್ಲದ ಇಬ್ಬರ ಹೆಸರಿದೆ. ಒಬ್ಬರು ಕ್ಲೈಂಟ್, ಇನ್ನೊಬ್ಬರು ಜನ. ಈ ಕಸುಬಿನಲ್ಲಿ ಬೇಡವೆನ್ನುವ ಹೊಣೆಯನ್ನು ಎದುರಿಗೆ ಕುಳಿತವರು ಎಂದೂ ಹೊರುವುದಿಲ್ಲ. ಮಾಡೆಲ್‌ಗಳನ್ನು ಒದಗಿಸುವವನು ಛಾಯಾಗ್ರಾಹಕನ ಕಡೆಗೆ ಕೈ ತೋರಿಸುತ್ತಾನೆ, ಛಾಯಾಗ್ರಾಹಕ ಜಾಹೀರಾತು ಏಜೆನ್ಸಿಯ ಕಡೆಗೆ, ಏಜೆನ್ಸಿ ಅಂಗಡಿಯ ಮಾಲೀಕನ ಕಡೆಗೆ, ಮಾಲೀಕ ಗಿರಾಕಿಯ ಕಡೆಗೆ. ಗಿರಾಕಿಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ನಮ್ಮ ಊರುಗಳ ಎಷ್ಟೋ ಅಂಗಡಿಗಳಲ್ಲಿ ಮಾಲೀಕನೂ ಆರಿಸಿರುವುದಿಲ್ಲ. ಸೂರತ್‌ನಿಂದ ಬರುವ ಸೀರೆಯ ಕಟ್ಟಿನ ಜೊತೆಗೆ ಕ್ಯಾಟಲಾಗ್ ಬರುತ್ತದೆ, ಅದರಲ್ಲಿರುವ ಮುಖವೇ ಫ್ಲೆಕ್ಸ್ ಆಗಿ ಹಿಗ್ಗಿ ಬಿ.ಬಿ. ರಸ್ತೆಯ ಕಂಬಕ್ಕೇರುತ್ತದೆ.

ಜನರಿಗೆ ಅದೇ ಬೇಕು ಎಂಬ ನಂಬಿಕೆ ನಮ್ಮದಷ್ಟೇ ಅಲ್ಲ, ಫ್ಯಾಷನ್ನಿನ ತವರೆನಿಸಿದ ಊರುಗಳಲ್ಲೂ ಅದು ಪಂಚಾಂಗದಲ್ಲಿ ಬರೆದಿಟ್ಟಂತೆ ಇತ್ತು. ಕಪ್ಪು ಮುಖ ರಕ್ಷಾಪುಟದಲ್ಲಿದ್ದರೆ ಪತ್ರಿಕೆ ಮಾರಾಟವಾಗದು ಎನ್ನುತ್ತಿದ್ದರು. 2008ರ ಜುಲೈನಲ್ಲಿ ಇಟಲಿಯ ವೋಗ್ ಎಂಬ ಫ್ಯಾಷನ್ ಪತ್ರಿಕೆಯ ಸಂಪಾದಕಿ ಫ್ರಾಂಕಾ ಸೊಝಾನಿ ಅವರು ಕಪ್ಪು ಮಾಡೆಲ್‌ಗಳಿಗೇ ಮೀಸಲಾದ ಸಂಚಿಕೆಯೊಂದನ್ನು ಹೊರತಂದರು. ಚಿತ್ರಗಳನ್ನು ಸ್ಟೀವನ್ ಮೀಸೆಲ್ ತೆಗೆದಿದ್ದರು. ಅಮೆರಿಕ ಮತ್ತು ಬ್ರಿಟನ್ನಿನ ಅಂಗಡಿಗಳಲ್ಲಿ ಪ್ರತಿಗಳು ಕೆಲವೇ ದಿನಗಳಲ್ಲಿ ಖಾಲಿಯಾಗಿ ಮತ್ತೆ ಮುದ್ರಿಸಬೇಕಾಯಿತು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ, 1988ರ ಆಗಸ್ಟ್‌ನಲ್ಲಿ, ನವೋಮಿ ಕ್ಯಾಂಪ್‌ಬೆಲ್ ಫ್ರಾನ್ಸಿನ ವೋಗ್ ರಕ್ಷಾಪುಟದಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಮಾಡೆಲ್ ಎನಿಸಿದ್ದರು. ಆ ಬಾಗಿಲು ತೆರೆದದ್ದಾದರೂ ಹೇಗೆ? ವಸ್ತ್ರವಿನ್ಯಾಸಕ ಈವ್ ಸಾಂ ಲೋರಾಂ ಅವರು, ಆಕೆಯನ್ನು ಹಾಕದಿದ್ದರೆ ತಮ್ಮ ಜಾಹೀರಾತನ್ನು ಹಿಂತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಹೇಳಿ ಕಳುಹಿಸಿದ ಮೇಲೆ. ಬಾಗಿಲು ಮುಚ್ಚುವಾಗ ಜನರ ಹೆಸರು ಹೇಳುತ್ತಾರೆ, ತೆರೆಯುವಾಗ ದುಡ್ಡು ಕೊಡುವವನೊಬ್ಬ ಬಾಯಿ ಬಿಡಬೇಕಾಗುತ್ತದೆ.

ಇನ್ನು ‘ಕಾಟನ್‌ಗೆ ಕರೆಯುತ್ತೇವೆ, ಬ್ರೈಡಲ್‌ಗೆ ಬೇಡ’ ಎಂಬ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕಪ್ಪು ಮೈಬಣ್ಣಕ್ಕೆ ಈ ಉದ್ಯಮದಲ್ಲಿ ಜಾಗವೇ ಇಲ್ಲವೆಂದಲ್ಲ, ಗೊತ್ತುಪಡಿಸಿದ ಜಾಗವಿದೆ. ಕೈಮಗ್ಗ, ಟೆರ‍್ರಾಕೋಟ ಸರ, ಮಣ್ಣಿನ ಗೋಡೆ, ಹಳ್ಳಿಮನೆಯ ಜಗುಲಿ ಇವುಗಳ ಮುಂದೆ ನಿಮ್ಮನ್ನು ನಿಲ್ಲಿಸಲು ಅವರು ಸಿದ್ಧರಿದ್ದಾರೆ. ಅಲ್ಲಿ ನಿಮ್ಮ ಬಣ್ಣಕ್ಕೆ ‘ಡಸ್ಕಿ’ ಎಂಬ ಮರ್ಯಾದೆಯ ಹೆಸರೂ ಉಂಟು. ಧಾರೆಸೀರೆ, ಒಡವೆ, ಹೊಸ ಮನೆ, ಕಾರು ಬಂದ ಕೂಡಲೇ ಮುಖ ಬೆಳ್ಳಗಾಗುತ್ತದೆ. ಅಂದರೆ ಸಂಪತ್ತು, ಮದುವೆ, ಸಂಭ್ರಮ ಒಂದು ಬಣ್ಣಕ್ಕೆ, ದುಡಿಮೆ ಮತ್ತು ಮಣ್ಣು ಇನ್ನೊಂದು ಬಣ್ಣಕ್ಕೆ ಎಂದು ಹಂಚಿಟ್ಟಂತಾಯಿತು. ಭಾರತದ ರ‍್ಯಾಂಪ್‌ನಲ್ಲಿ ನಯೋನಿಕಾ ಚಟರ್ಜಿ ಅವರಂಥ ಕಪ್ಪು ಮೈಬಣ್ಣದವರು 1990ರ ದಶಕದಲ್ಲೇ ಮುಂಚೂಣಿಯಲ್ಲಿದ್ದರು, ಬೆಂಗಳೂರಿನಿಂದ ಹೊರಟ ಲಕ್ಷ್ಮಿ ಮೆನನ್ ಪ್ಯಾರಿಸ್‌ನವರೆಗೆ ನಡೆದರು. ಆದರೆ ರ‍್ಯಾಂಪ್‌ನ ಮುಂದೆ ಕುಳಿತು ನೋಡುವವರು ಕೆಲವು ನೂರು ಮಂದಿ. ಊರೂರಿನ ಕಣ್ಣಿಗೆ ಬೀಳುವ ಫಲಕ ಮತ್ತು ಟಿ.ವಿ. ಜಾಹೀರಾತಿಗೆ ಆ ಧಾರಾಳ ಇಳಿದು ಬರಲಿಲ್ಲ.

ಕಾಟನ್ ಶೂಟ್‌ಗೆ ಕರೆದರೆ ಹೋಗಬೇಕೆ ಬೇಡವೆ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೋಗಿ, ಸಂಭಾವನೆಯನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ, ತೆಗೆದ ಚಿತ್ರಗಳ ಪ್ರತಿ ಕೇಳಿ ಇಟ್ಟುಕೊಳ್ಳಿ.

ಇದರಲ್ಲಿ ಯಾವ ಭೇದಭಾವವೂ ಇಲ್ಲ. ನಾನು ಮದುವೆ ಫೋಟೋ ತೆಗೆಯುವವನು. ಕಪ್ಪು ಚರ್ಮ ಫೋಟೋದಲ್ಲಿ ಸರಿಯಾಗಿ ಬರುವುದಿಲ್ಲ, ಜರಿ ಸೀರೆ ಉಡಿಸಿದರಂತೂ ಮುಖವೇ ಕಾಣುವುದಿಲ್ಲ. ಯಂತ್ರದ ಮಿತಿಯನ್ನು ಮನುಷ್ಯರ ತಲೆಗೆ ಏಕೆ ಕಟ್ಟುತ್ತೀರಿ?
– ಛಾಯಾಗ್ರಾಹಕ, ಚಿಂತಾಮಣಿ

ಯಂತ್ರವನ್ನು ಮಾಡಿದವರು ಮನುಷ್ಯರೇ ಎಂಬುದರಿಂದ ಶುರು ಮಾಡೋಣ. ಈ ಅಂಕಣಕ್ಕೆ ಬರುವ ಮೊದಲು ನಾನೂ ಬಹಳ ವರ್ಷ ಸ್ಟುಡಿಯೋ ನಡೆಸಿದವನು, ಆದ್ದರಿಂದ ನಿಮ್ಮ ಕಷ್ಟ ಪುಸ್ತಕದಿಂದ ತಿಳಿದದ್ದಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಲ್ಯಾಬ್‌ಗಳಲ್ಲಿ ಪ್ರಿಂಟಿನ ಬಣ್ಣ ಹದ ಮಾಡಲು ಕೊಡಾಕ್ ಕಂಪನಿಯ ಒಂದು ಮಾದರಿ ಚಿತ್ರವನ್ನು ಬಳಸುತ್ತಿದ್ದರು. ಅದರಲ್ಲಿ ಬಿಳಿಯ ಹೆಂಗಸೊಬ್ಬಳು ಕುಳಿತಿರುತ್ತಿದ್ದಳು. ಮೊದಲು ಕುಳಿತಾಕೆಯ ಹೆಸರು ಶೆರ್ಲಿ ಎಂದಿದ್ದುದರಿಂದ ಕಾರ್ಡಿಗೆ ‘ಶೆರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದು ಲೆಕ್ಕ. ಅಮೆರಿಕದಲ್ಲಿ ಆ ಫಿಲ್ಮಿಗೆ ಕಂದು ಬಣ್ಣದ ಸೂಕ್ಷ್ಮಗಳು ಸಿಗುತ್ತಿಲ್ಲವೆಂದು ದೂರಿದವರಲ್ಲಿ ಮರದ ಪೀಠೋಪಕರಣ ಮಾಡುವವರೂ ಚಾಕಲೇಟು ಮಾಡುವವರೂ ಇದ್ದರು; ತೇಗಕ್ಕೂ ಓಕ್ ಮರಕ್ಕೂ, ಹಾಲಿನ ಚಾಕಲೇಟಿಗೂ ಕಪ್ಪು ಚಾಕಲೇಟಿಗೂ ಫೋಟೋದಲ್ಲಿ ವ್ಯತ್ಯಾಸವೇ ಕಾಣದೆ ಅವರ ವ್ಯಾಪಾರ ಕೆಡುತ್ತಿತ್ತು. ಫಿಲ್ಮು ಸುಧಾರಿಸುವುದಕ್ಕೆ ಅವರ ದೂರು ಒಂದು ಕಾರಣವಾಯಿತು. ಅಷ್ಟು ವರ್ಷ ಕಪ್ಪು ಮಕ್ಕಳ ತಾಯಂದಿರು ಶಾಲೆಯ ಗುಂಪುಚಿತ್ರದಲ್ಲಿ ತಮ್ಮ ಮಗುವಿನ ಕಣ್ಣು ಮತ್ತು ಹಲ್ಲನ್ನಷ್ಟೇ ನೋಡಿಕೊಂಡಿದ್ದರು.

ಈಗ ನಿಮ್ಮ ಜರಿ ಸೀರೆಗೆ ಬರೋಣ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್, ಎದುರಿಗಿರುವುದೆಲ್ಲವೂ ಸುಮಾರು ನೂರಕ್ಕೆ ಹದಿನೆಂಟರಷ್ಟು ಬೆಳಕನ್ನು ಹಿಂದಿರುಗಿಸುವ ಬೂದುಬಣ್ಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಮಂಟಪದ ಹಿಂದೆ ಬಿಳಿ ಪರದೆ, ಮೈಮೇಲೆ ಹೊಳೆಯುವ ಜರಿ ಇದ್ದರೆ ಅದು ಬೆಳಕು ಹೆಚ್ಚಾಯಿತೆಂದು ಹೆದರಿ ಇಡೀ ಚಿತ್ರವನ್ನು ತಗ್ಗಿಸುತ್ತದೆ, ಆಗ ಮುಳುಗುವುದು ವಧುವಿನ ಮುಖ. ಮೀಟರನ್ನು ಸೀರೆಯ ಮೇಲಿಡದೆ ಕೆನ್ನೆಯ ಮೇಲಿಟ್ಟು ಅಳೆಯಿರಿ. ಎದುರಿನಿಂದ ನೇರವಾಗಿ ಫ್ಲಾಶ್ ಹೊಡೆಯುವ ಅಭ್ಯಾಸ ಬಿಡಿ, ಅದು ಹಣೆಯ ಮೇಲೆ ಎಣ್ಣೆಯಂಥ ಚುಕ್ಕೆ ಮಾಡಿ ಉಳಿದದ್ದನ್ನು ಚಪ್ಪಟೆ ಮಾಡುತ್ತದೆ. ಪಕ್ಕದಿಂದ ದೊಡ್ಡ ಮೆತ್ತನೆಯ ಬೆಳಕು, ಇನ್ನೊಂದು ಪಕ್ಕ ಅರ್ಧ ಥರ್ಮೋಕೋಲ್ ಹಾಳೆ ಇಟ್ಟರೆ ಸಾಕು. ಕಪ್ಪು ಚರ್ಮ ಬೆಳಕನ್ನು ಹೊಳಪಾಗಿ ಹಿಂದಿರುಗಿಸುತ್ತದೆ, ಕೆನ್ನೆಯ ಮೂಳೆ, ದವಡೆಯ ಅಂಚು ಶಿಲ್ಪದಂತೆ ಎದ್ದು ನಿಲ್ಲುತ್ತವೆ. ಹೊಯ್ಸಳರ ಮದನಿಕೆಯರನ್ನು ಫೋಟೋ ತೆಗೆಯುವಾಗ ಕಲ್ಲು ಕಪ್ಪಾಯಿತೆಂದು ಯಾರಾದರೂ ಪೌಡರ್ ಹಚ್ಚುತ್ತಾರೆಯೇ?

2021ರಲ್ಲಿ ಗೂಗಲ್ ಕಂಪನಿಯೇ ತನ್ನ ಪಿಕ್ಸೆಲ್ ಫೋನಿನ ಕ್ಯಾಮೆರಾವನ್ನು ಎಲ್ಲ ಮೈಬಣ್ಣಗಳೂ ಇದ್ದಂತೆಯೇ ಬರುವ ಹಾಗೆ ತಿದ್ದಿ, ಅದನ್ನೇ ಜಾಹೀರಾತಿನಲ್ಲಿ ಹೇಳಿಕೊಂಡಿತು. ಇಂದಿನ ಕ್ಯಾಮೆರಾದಲ್ಲಿ ಮಿತಿ ಇದೆಯೆನ್ನುವುದಕ್ಕಿಂತ, ಆಲ್ಬಮ್ ಮಾಡುವವನ ಕಂಪ್ಯೂಟರಿನಲ್ಲಿ ‘ಸ್ಕಿನ್’ ಎಂಬ ಹೆಸರಿನ ಗುಂಡಿಯೊಂದಿದೆ, ಅದನ್ನು ಒತ್ತಿದರೆ ಚಿಂತಾಮಣಿಯ ಎಲ್ಲ ಮದುಮಕ್ಕಳೂ ಒಂದೇ ಮನೆಯವರಾಗುತ್ತಾರೆ ಎನ್ನುವುದೇ ಸರಿ.

ಅಂಗಡಿ ಅವರದು, ಬಂಡವಾಳ ಅವರದು. ಯಾರ ಚಿತ್ರ ಹಾಕಬೇಕೆಂದು ಹೇಳಲು ನಾವು ಯಾರು? ಅಮೆರಿಕದವರ ಬಿಳಿ-ಕಪ್ಪು ಜಗಳವನ್ನು ಎತ್ತಿಕೊಂಡು ಬಂದು ನಮ್ಮ ಮೇಲೆ ಹೇರುತ್ತಿದ್ದೀರಿ ಎನಿಸುವುದಿಲ್ಲವೇ?
– ನಿವೃತ್ತ ಅಧ್ಯಾಪಕರು, ಬಾಗೇಪಲ್ಲಿ

ನಿಮ್ಮ ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಇಂಥವರನ್ನೇ ಹಾಕಿ ಎಂದು ಅಂಗಡಿಯವರನ್ನು ಕಟ್ಟಿಹಾಕುವುದು ನನ್ನ ಅಪೇಕ್ಷೆಯೂ ಅಲ್ಲ. ಆದರೆ ಚಿತ್ರ ಹಾಕುವ ಸ್ವಾತಂತ್ರ್ಯ ಅವರಿಗಿರುವಂತೆ, ನೋಡಿದ ಮೇಲೆ ಮಾತನಾಡುವ ಸ್ವಾತಂತ್ರ್ಯ ನಮಗಿದೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಲೆಂದೇ ನಲವತ್ತು ಅಡಿ ಎತ್ತರದಲ್ಲಿ ಚಿತ್ರ ನಿಲ್ಲಿಸಿದವರು, ಕಣ್ಣಿಗೆ ಬಿತ್ತೆಂದು ಬೇಸರಪಡಲಾಗದು.

ಅಮೆರಿಕದ ಜಗಳವೆಂಬ ಮಾತನ್ನು ಮಾತ್ರ ಒಪ್ಪಲಾರೆ. ಮುಖಕ್ಕೆ ಹಚ್ಚಿದರೆ ಬೆಳ್ಳಗಾಗುತ್ತದೆಂಬ ‘ಫೇರ್ ಅಂಡ್ ಲವ್ಲಿ’ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1975ರಲ್ಲಿ. ಕಪ್ಪಗಿದ್ದ ಹುಡುಗಿಗೆ ಗಂಡು ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಕ್ರೀಮು ಹಚ್ಚಿದ ಮೇಲೆ ಎರಡೂ ಸಿಗುತ್ತವೆ ಎಂಬ ಕತೆಯನ್ನು ನಮ್ಮವರೇ ಬರೆದು ನಮ್ಮವರಿಗೇ ತೋರಿಸಿದರು. ಚೆನ್ನೈನ ವಿಮೆನ್ ಆಫ್ ವರ್ತ್ ಸಂಸ್ಥೆ 2009ರಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಎಂಬ ಅಭಿಯಾನ ಆರಂಭಿಸಿತು, 2013ರಲ್ಲಿ ನಟಿ ನಂದಿತಾ ದಾಸ್ ಅದರ ಮುಖವಾದರು. ಜಾಹೀರಾತುದಾರರೇ ಸೇರಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ, ಕಪ್ಪು ಮೈಬಣ್ಣದವರನ್ನು ಕೀಳಾಗಿ, ಅಸಹಾಯಕರಾಗಿ ಅಥವಾ ಸೋತವರಾಗಿ ತೋರಿಸಬಾರದೆಂದು ನಿಯಮ ಮಾಡಿತು. ಅಮೆರಿಕದಲ್ಲಿ ಕಪ್ಪು ಜನರ ಹೋರಾಟ ಭುಗಿಲೆದ್ದ 2020ರಲ್ಲಿ ಆ ಕ್ರೀಮು ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು, ನಿಜ. ಹೊರಗಿನ ಗಾಳಿ ಬೀಸಿದ್ದರಿಂದ ಎಲೆ ಅಲುಗಿರಬಹುದು, ಬೇರು ಮಾತ್ರ ಇಲ್ಲಿಯದೇ. ಆ ವರ್ಷದ ಜೂನ್ ತಿಂಗಳಲ್ಲಿ ಶಾದಿ ಡಾಟ್ ಕಾಮ್, ವಧುವರರನ್ನು ಮೈಬಣ್ಣದ ಮೇಲೆ ಹುಡುಕುವ ಸೌಲಭ್ಯವನ್ನು ಬಳಕೆದಾರರ ಮನವಿಗೆ ಮಣಿದು ತೆಗೆದುಹಾಕಿತು. ‘ಗೋಧಿ ಬಣ್ಣ’, ‘ಎಣ್ಣೆಗೆಂಪು’, ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತುಗಳನ್ನು ನಮಗೆ ಯಾವ ಅಮೆರಿಕದವರು ಕಲಿಸಿದರು, ಮೇಷ್ಟ್ರೇ? ಆ ‘ಆದರೂ’ ಎಂಬ ಪದವನ್ನು ವ್ಯಾಕರಣ ಪಾಠ ಮಾಡಿದ ನೀವೇ ಬಿಡಿಸಿ ನೋಡಬೇಕು.

ಈ ಬಣ್ಣದ ಗೋಳು ಗಂಡಸರಿಗೆ ಇಲ್ಲವೇ?
– ಯುವ ಓದುಗ, ಗುಡಿಬಂಡೆ

ಇದೆ, ತಡವಾಗಿ ಬಂತು. ಗಂಡಸರಿಗೆಂದೇ ‘ಫೇರ್ ಅಂಡ್ ಹ್ಯಾಂಡ್ಸಮ್’ ಬಂದದ್ದು 2005ರಲ್ಲಿ, ಶಾರುಖ್ ಖಾನ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಆದರೂ ತೂಕದ ಕಲ್ಲು ಬೇರೆ. ನಮ್ಮ ಸಿನಿಮಾದಲ್ಲಿ ಕಪ್ಪು ನಾಯಕನಿಗೆ ಶಿಳ್ಳೆ ಬೀಳುತ್ತದೆ, ಅವನ ಜೊತೆ ಕುಣಿಯಲು ಮುಂಬೈನಿಂದ ಬೆಳ್ಳನೆಯ ನಾಯಕಿ ಬರುತ್ತಾಳೆ. ಪಂಚೆ, ಷರ್ಟಿನ ಫಲಕದಲ್ಲಿ ಗಂಡಸು ನಲವತ್ತೈದು ದಾಟಿರಬಹುದು, ಕಿವಿಯ ಪಕ್ಕ ನರೆತಿರಲೂಬಹುದು. ಸೀರೆಯ ಫಲಕದಲ್ಲಿ ಐವತ್ತರ ಹೆಂಗಸನ್ನು ಕಂಡಿದ್ದರೆ ಬರೆದು ತಿಳಿಸಿ.

ನಾನು ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವವಳು. ಒಂದು ದಿನ ಬೆಂಗಳೂರಿನಿಂದ ಬಂದವರು ರೇಷ್ಮೆ ಸೀರೆ ಉಟ್ಟ ಮಾಡೆಲ್ ಒಬ್ಬಳನ್ನು ನಮ್ಮ ಬೇಸಿನ್ ಮುಂದೆ ನಿಲ್ಲಿಸಿ, ನಮ್ಮನ್ನು ಹಿಂದೆ ಕೆಲಸ ಮಾಡುತ್ತಿರುವಂತೆ ಕೂರಿಸಿ ಫೋಟೋ ತೆಗೆದರು. ‘ನಿಮ್ಮಂಥವರಿಗೂ ಫ್ಯಾಷನ್‌ನಲ್ಲಿ ಜಾಗ ಸಿಗಬೇಕು, ಅದಕ್ಕೇ ಇದು’ ಎಂದರು. ಇದನ್ನು ಜಾಗ ಎನ್ನುತ್ತಾರೆಯೇ? (ಈ ಪತ್ರವನ್ನು ಅವರ ಮಗ ಬರೆದುಕೊಟ್ಟಿದ್ದಾನೆ.)
– ಶಿಡ್ಲಘಟ್ಟ

ಅಮ್ಮ, ನಿಮ್ಮ ಪ್ರಶ್ನೆಯನ್ನು ಬಹಳ ಹೊತ್ತು ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದೆ. ಶಿಡ್ಲಘಟ್ಟದ ಫಿಲೇಚರ್‌ಗಳನ್ನು ನಾನು ನೋಡಿದ್ದೇನೆ. ಹಬೆಯಾಡುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ, ಬೆರಳು ಅದರೊಳಗಿಳಿದು ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದು ಮೇಲೆತ್ತುತ್ತದೆ. ಒಂದೊಂದು ಗೂಡಿನಿಂದ ನೂರಾರು ಮೀಟರ್ ಎಳೆ ಹಾಗೆ ಬಿಚ್ಚಿಕೊಂಡು ಬರುತ್ತದೆ. ಸಂಜೆ ಹೊತ್ತಿಗೆ ಬೆರಳ ತುದಿ ನೆನೆದು ಬಿಳಿಚಿಕೊಂಡು ಸುಕ್ಕಾಗಿರುತ್ತದೆ, ಬಿರುಕಿನಲ್ಲಿ ಉಪ್ಪು ಸೋಕಿದರೆ ಉರಿಯುತ್ತದೆ, ಊಟದ ತಟ್ಟೆಗೂ ಹುಳದ ವಾಸನೆ ಹಿಂಬಾಲಿಸುತ್ತದೆ. ಫೋಟೋದಲ್ಲಿ ಆ ಕೈ ಕಾಣದಂತೆ ಹಿನ್ನೆಲೆಯನ್ನು ಮಂಜು ಮಾಡಿರುತ್ತಾರೆ ಎಂದು ನನ್ನ ಊಹೆ.

ಇಂಥದೇ ಒಂದು ಚಿತ್ರಮಾಲೆಯನ್ನು ವೋಗ್ ಪತ್ರಿಕೆಯ ಭಾರತದ ಆವೃತ್ತಿ 2008ರ ಆಗಸ್ಟ್‌ನಲ್ಲಿ ಪ್ರಕಟಿಸಿತ್ತು. ಆ ಪತ್ರಿಕೆ ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು. ಅದರ ಮೊದಲ ರಕ್ಷಾಪುಟದಲ್ಲಿ ಬಿಪಾಶಾ ಬಸು, ಪ್ರಿಯಾಂಕಾ ಚೋಪ್ರಾ ಅವರ ನಡುವೆ ಆಸ್ಟ್ರೇಲಿಯದ ಬಿಳಿಯ ಮಾಡೆಲ್ ಜೆಮ್ಮಾ ವಾರ್ಡ್ ಅವರನ್ನು ನಿಲ್ಲಿಸಿದ್ದರು, ಅದಕ್ಕೂ ಜನ ಹುಬ್ಬೇರಿಸಿದ್ದರು. ಚಿತ್ರಮಾಲೆಯಲ್ಲಿ ಹಲ್ಲಿಲ್ಲದ ಬಡ ಅಜ್ಜಿಯೊಬ್ಬಳ ಕಂಕುಳಲ್ಲಿ ಮಗು, ಮಗುವಿನ ಕೊರಳಲ್ಲಿ ಸುಮಾರು ನೂರು ಡಾಲರ್ ಬೆಲೆಯ ಫೆಂಡಿ ಕಂಪನಿಯ ಜೊಲ್ಲುಬಟ್ಟೆ. ಬರಿಗಾಲಿನವನೊಬ್ಬನ ಕೈಯಲ್ಲಿ ದುಬಾರಿ ಬರ್ಬರಿ ಕಂಪನಿಯ ಕೊಡೆ. ದೇಶದೊಳಗೂ ಹೊರಗೂ ಟೀಕೆ ಬಂತು. ಬಡತನವನ್ನು ಅಲಂಕಾರ ಮಾಡಿದರು ಎಂಬುದು ಒಂದು ದೂರು. ನನಗೆ ಇನ್ನೂ ನೆನಪಿರುವುದು ಇನ್ನೊಂದು ದೂರು: ಚಿತ್ರದ ಕೆಳಗೆ ವಸ್ತುಗಳ ಕಂಪನಿಯ ಹೆಸರಿತ್ತು, ಅವನ್ನು ಧರಿಸಿದ ಮನುಷ್ಯರ ಹೆಸರಿರಲಿಲ್ಲ.

ನಿಮ್ಮ ವಿಷಯದಲ್ಲೂ ಮೂರು ಸಂಗತಿ ವಿಚಾರಿಸಿ. ಆ ದಿನ ನಿಮಗೆ ಕೂಲಿ ಕೊಟ್ಟರೇ, ಮಾಡೆಲ್‌ಗೆ ಕೊಟ್ಟದ್ದಕ್ಕೂ ಅದಕ್ಕೂ ಎಷ್ಟು ಅಂತರ, ಚಿತ್ರದ ಕೆಳಗೆ ನಿಮ್ಮ ಹೆಸರು ಬಂತೇ. ಇವು ಮೂರೂ ಇಲ್ಲವಾದರೆ ನೀವು ಅಲ್ಲಿ ಮಾಡೆಲ್ ಅಲ್ಲ, ಬೇಸಿನ್ನಿನ ಜೊತೆ ಇನ್ನೊಂದು ಸಾಮಾನು. ಇಷ್ಟು ಕಟುವಾಗಿ ಬರೆಯಬೇಕೇ ಎಂದು ಹಿಂಜರಿದೆ, ಆಮೇಲೆ ಹಾಗೇ ಬಿಟ್ಟೆ.

ಮಗಳಿಗೆ ಹದಿನೇಳು ವರ್ಷ. ಮಾಡೆಲ್ ಆಗಬೇಕೆಂದು ಅನ್ನ ಬಿಟ್ಟಿದ್ದಾಳೆ, ದಿನಕ್ಕೆ ಎರಡು ಸೌತೆಕಾಯಿ ತಿನ್ನುತ್ತಾಳೆ. ಎಲ್ಲ ಮಾಡೆಲ್‌ಗಳೂ ಹಾಗೇ ಅಂತೆ.
– ತಾಯಿ, ಚಿಕ್ಕಬಳ್ಳಾಪುರ

ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ, ಉಳಿದದ್ದನ್ನು ಆಮೇಲೆ ಓದಿ. ಮುಟ್ಟು ನಿಂತಿದ್ದರೆ, ತಲೆಸುತ್ತು ಬರುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ.

ಎಲ್ಲರೂ ಒಂದೇ ಬಣ್ಣದವರಾಗಿರಬೇಕೆಂಬುದಕ್ಕೂ ಎಲ್ಲರೂ ಒಂದೇ ಅಳತೆಯವರಾಗಿರಬೇಕೆಂಬುದಕ್ಕೂ ಮೂಲ ಒಂದೇ: ಬಟ್ಟೆಯನ್ನು ಒಂದೇ ಮಾದರಿ ಅಳತೆಗೆ ಹೊಲಿದಿಟ್ಟುಕೊಂಡು ಅದಕ್ಕೆ ಹೊಂದುವ ಮೈಯನ್ನು ಹುಡುಕುತ್ತಾರೆ. 2006ರಲ್ಲಿ ದಕ್ಷಿಣ ಅಮೆರಿಕದ ಇಬ್ಬರು ಮಾಡೆಲ್‌ಗಳು, ಲೂಯಿಸೆಲ್ ರಾಮೋಸ್ ಮತ್ತು ಆನಾ ಕರೋಲಿನಾ ರೆಸ್ಟನ್, ತೆಳ್ಳಗಾಗಲು ಊಟ ಬಿಟ್ಟು ಸೊರಗಿ ಕೆಲವೇ ತಿಂಗಳ ಅಂತರದಲ್ಲಿ ಸತ್ತರು. ಜನ ಸಿಟ್ಟಿಗೆದ್ದರು. ರಾಮೋಸ್ ಸತ್ತ ಮರುತಿಂಗಳೇ ಮ್ಯಾಡ್ರಿಡ್‌ನ ಫ್ಯಾಷನ್ ಸಪ್ತಾಹ, ದೇಹತೂಕ ಸೂಚ್ಯಂಕ 18ಕ್ಕಿಂತ ಕಡಿಮೆ ಇದ್ದವರನ್ನು ವೇದಿಕೆಗೆ ಬಿಡಲಿಲ್ಲ. ಐದು ಅಡಿ ಏಳು ಅಂಗುಲದ ಹುಡುಗಿ ಸುಮಾರು 52 ಕೆ.ಜಿ.ಗಿಂತ ಕಡಿಮೆ ಇದ್ದರೆ ಹೊರಗೆ ಎಂದು ಅದರ ಅರ್ಥ. ಫ್ರಾನ್ಸ್‌ನಲ್ಲಿ 2017ರಿಂದ ವೈದ್ಯರ ಪ್ರಮಾಣಪತ್ರವಿಲ್ಲದೆ ಮಾಡೆಲ್ ಆಗಿ ದುಡಿಯುವಂತಿಲ್ಲ, ಜಾಹೀರಾತಿನಲ್ಲಿ ಮಾಡೆಲ್‌ಳ ಮೈಯನ್ನು ಕಂಪ್ಯೂಟರಿನಲ್ಲಿ ತೆಳ್ಳಗೆ ಅಥವಾ ದಪ್ಪ ಮಾಡಿದ್ದರೆ ಚಿತ್ರದ ಮೇಲೆ ಹಾಗೆಂದು ಬರೆಯಬೇಕು. ನಮ್ಮಲ್ಲೂ ಮುಂಬೈನ ಲ್ಯಾಕ್ಮೆ ಫ್ಯಾಷನ್ ವೀಕ್ 2016ರಲ್ಲಿ ದಪ್ಪ ಮೈಕಟ್ಟಿನವರನ್ನೇ ಆರಿಸಿ ನಡೆಸಿತು. ಮಗಳು ನಂಬದಿದ್ದರೆ ಈ ಪುಟವನ್ನೇ ತೋರಿಸಿ, ಅನ್ನದ ತಟ್ಟೆಯ ಪಕ್ಕದಲ್ಲಿ.

ಮೊಬೈಲಿನಲ್ಲಿ ನಾಲ್ಕು ಜನ ಬೈದರೆ ಕಂಪನಿಗಳು ಬದಲಾಗುತ್ತವೆಯೇ? ವಾರ ಕಳೆದರೆ ಎಲ್ಲ ಮರೆತು ಹೋಗುತ್ತದೆ.
– ಬ್ಯಾಂಕ್ ಉದ್ಯೋಗಿ, ಗೌರಿಬಿದನೂರು

ಬೈಗುಳ ಮರೆತು ಹೋಗುತ್ತದೆ, ಎಣಿಕೆ ಮರೆಯುವುದಿಲ್ಲ. 2019ರ ಮೇ ತಿಂಗಳಲ್ಲಿ ಮಿಸ್ ಇಂಡಿಯಾ ಸ್ಪರ್ಧೆಯ ಅಂತಿಮ ಸುತ್ತಿನ ಮೂವತ್ತು ಹುಡುಗಿಯರ ಚಿತ್ರಗಳನ್ನು ಪತ್ರಿಕೆಯೊಂದು ಸಾಲಾಗಿ ಅಚ್ಚು ಹಾಕಿತು. ಬೇರೆ ಬೇರೆ ರಾಜ್ಯದ ಮೂವತ್ತು ಹುಡುಗಿಯರಿಗೆ ಒಂದೇ ಮೈಬಣ್ಣ, ಹೆಗಲ ಮೇಲೆ ಒಂದೇ ಬಗೆಯ ಕೂದಲು. ಈ ಚಿತ್ರದಲ್ಲಿ ತಪ್ಪೇನಿದೆ ಎಂದು ಯಾರೋ ಟ್ವಿಟರಿನಲ್ಲಿ ಕೇಳಿದ್ದು ದೇಶವೆಲ್ಲ ಸುತ್ತಿತು, ಒಬ್ಬಳದೇ ಫೋಟೋವನ್ನು ಮೂವತ್ತು ಸಲ ಅಂಟಿಸಿದ್ದಾರೆ ಎಂದು ಜನ ನಕ್ಕರು. ಬಿಡಿಬಿಡಿಯಾಗಿ ನೋಡಿದ್ದರೆ ಯಾವ ಚಿತ್ರದಲ್ಲೂ ತಪ್ಪಿರಲಿಲ್ಲ. ಸಾಲಾಗಿ ಇಟ್ಟಾಗ ಆರಿಸಿದವರ ಕಣ್ಣು ಬಯಲಾಯಿತು.

ಈ ವಿದ್ಯೆಯನ್ನು ಚೆನ್ನಾಗಿ ಅರಿತಿದ್ದವರು ಬೆಥಾನ್ ಹಾರ್ಡಿಸನ್. 1973ರ ನವೆಂಬರ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಫ್ರಾನ್ಸಿನ ಐವರು, ಅಮೆರಿಕದ ಐವರು ವಿನ್ಯಾಸಕರ ನಡುವೆ ಪ್ರದರ್ಶನ ನಡೆದಾಗ ಅಮೆರಿಕದ ಕಡೆಯಿಂದ ನಡೆದ ಹತ್ತರಷ್ಟು ಕಪ್ಪು ಮಾಡೆಲ್‌ಗಳಲ್ಲಿ ಅವರೂ ಒಬ್ಬರು, ಆ ರಾತ್ರಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅಷ್ಟಾದ ಮೇಲೂ ದಶಕಗಳು ಉರುಳಿ ವೇದಿಕೆ ಮತ್ತೆ ಬೆಳ್ಳಗಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಅವರು ಮಾಡೆಲ್‌ಗಳಾದ ಇಮಾನ್ ಮತ್ತು ನವೋಮಿ ಕ್ಯಾಂಪ್‌ಬೆಲ್ ಅವರ ಬೆಂಬಲದೊಂದಿಗೆ ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಮಿಲಾನ್‌ಗಳ ಫ್ಯಾಷನ್ ಮಂಡಳಿಗಳಿಗೆ ಬಹಿರಂಗ ಪತ್ರ ಬರೆದರು. ಕಪ್ಪು ಮಾಡೆಲ್ ಒಬ್ಬರನ್ನೂ ನಡೆಸದ ಅಥವಾ ಒಬ್ಬರನ್ನಷ್ಟೇ ನಡೆಸಿದ ವಿನ್ಯಾಸಕರ ಹೆಸರುಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ನಿಮ್ಮ ಉದ್ದೇಶ ಏನೇ ಇರಲಿ, ಫಲ ಮಾತ್ರ ಜನಾಂಗಭೇದವೇ ಎಂಬುದು ಅವರ ವಾದದ ತಿರುಳು. ಒಬ್ಬರನ್ನಷ್ಟೇ ಹಾಕಿದವರನ್ನೂ ಪಟ್ಟಿಗೆ ಸೇರಿಸಿದ್ದು ನನಗೆ ಬಹಳ ಹಿಡಿಸಿತು, ಏಕೆಂದರೆ ಗದ್ದಲವಾದಾಗಲೆಲ್ಲ ಮೂಲೆಯಲ್ಲೊಂದು ಮುಖ ನಿಲ್ಲಿಸಿ ಕೈತೊಳೆದುಕೊಳ್ಳುವುದು ಎಲ್ಲ ಕಡೆಯ ಪದ್ಧತಿ.

ವಿಕ್ಟೋರಿಯಾಸ್ ಸೀಕ್ರೆಟ್ ಎಂಬ ಒಳಉಡುಪಿನ ಕಂಪನಿಯ ಕತೆ ನೀವು ಬ್ಯಾಂಕಿನವರಾದ್ದರಿಂದ ರುಚಿಸಬಹುದು. ತಮ್ಮ ಪ್ರದರ್ಶನಕ್ಕೆ ಲಿಂಗಪರಿವರ್ತಿತರು ಹೊಂದುವುದಿಲ್ಲ ಎಂಬರ್ಥದ ಮಾತನ್ನು ಅದರ ಮಾರುಕಟ್ಟೆ ಮುಖ್ಯಸ್ಥರು 2018ರಲ್ಲಿ ಆಡಿದರು, ತೀವ್ರ ಪ್ರತಿಭಟನೆಯಾಯಿತು, ಅದಾಗಲೇ ಮಾರಾಟವೂ ಇಳಿಯುತ್ತಿತ್ತು. 2019ರಲ್ಲಿ ಪ್ರದರ್ಶನವನ್ನೇ ರದ್ದು ಮಾಡಿದರು, 2024ರಲ್ಲಿ ಮತ್ತೆ ನಡೆಸಿದಾಗ ಲಿಂಗಪರಿವರ್ತಿತ ಮಾಡೆಲ್‌ಗಳೂ ಅದರಲ್ಲಿದ್ದರು. ಸಿಟ್ಟೊಂದರಿಂದ ಇದಾಯಿತೆಂದು ಹೇಳಲಾರೆ. ಸಿಟ್ಟು ಮತ್ತು ಲೆಕ್ಕದ ಪುಸ್ತಕ ಒಂದೇ ಕಡೆ ತೋರಿಸಿದಾಗ ಆಯಿತು.

ಈ ಭಾನುವಾರ ಬಿಡುವಿದ್ದರೆ ಗೌರಿಬಿದನೂರಿನ ಒಂದು ರಸ್ತೆಯ ಫಲಕಗಳನ್ನು ಎಣಿಸಿ. ಮುಖ ಎಷ್ಟು, ಅವುಗಳಲ್ಲಿ ನಿಮ್ಮ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವವರ ಬಣ್ಣದ್ದು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಸೀರೆ ಕೊಳ್ಳುವಾಗ, ಬಿಲ್ಲು ಕೊಡುವ ಮೊದಲು, ಆ ಚೀಟಿಯನ್ನು ಮಾಲೀಕರಿಗೆ ತೋರಿಸಿ. ಬಿಲ್ಲು ಕೊಟ್ಟ ಮೇಲೆ ತೋರಿಸಿದರೆ ಪ್ರಯೋಜನ ಕಡಿಮೆ.

ನೀವು ಹಿಂದೆ ಸ್ಟುಡಿಯೋ ನಡೆಸುತ್ತಿದ್ದಿರಿ. ನಿಮ್ಮ ಷೋಕೇಸ್ ನನಗೆ ನೆನಪಿದೆ. ಅದರಲ್ಲಿ ಯಾರ ಫೋಟೋ ಇದ್ದವು, ಸ್ವಾಮಿ?
– ಹಳೆಯ ಗಿರಾಕಿ, ಚಿಕ್ಕಬಳ್ಳಾಪುರ

ಈ ಪ್ರಶ್ನೆ ಬರುತ್ತದೆಂದು ಹೆದರಿದ್ದೆ. ರಸ್ತೆಯ ಕಡೆಗೆ ಗಾಜಿನ ಷೋಕೇಸ್ ಇತ್ತು, ಒಳಗೆ ಎರಡು ಟ್ಯೂಬ್‌ಲೈಟು, ಮೂರು ಸಾಲಿನಲ್ಲಿ ಹನ್ನೆರಡು ದೊಡ್ಡ ಫೋಟೋ. ವರ್ಷಕ್ಕೊಮ್ಮೆ, ಯುಗಾದಿಯ ಮುಂಚೆ, ಬದಲಿಸುತ್ತಿದ್ದೆ. ಯಾರ ಫೋಟೋ ಹಾಕಬೇಕೆಂದು ನಾನು ಯಾವತ್ತೂ ಯೋಚಿಸಿದ ನೆನಪಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಹನ್ನೆರಡರಲ್ಲಿ ಹನ್ನೆರಡೂ ಬೆಳ್ಳಗಿನವರದು.

ಒಂದು ಸಲ ನಂದಿ ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಮಗಳ ಮದುವೆಯ ಫೋಟೋ ಒಯ್ಯಲು ಬಂದರು. ಲಕೋಟೆ ತೆಗೆದುಕೊಂಡು, ದುಡ್ಡು ಎಣಿಸಿ ಕೊಟ್ಟು, ಹೊರಗೆ ಹೋಗಿ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದರು. ಮತ್ತೆ ಒಳಗೆ ಬಂದು ‘ನಮ್ಮ ಹುಡುಗಿದು ಹಾಕಾಕಿಲ್ವಾ ಸ್ವಾಮಿ, ದುಡ್ಡು ಬೇಕಾದ್ರೆ ಕೊಡ್ತೀನಿ’ ಎಂದು ಕೇಳಿದರು. ಜಾಗ ಖಾಲಿಯಾದಾಗ ಹಾಕುತ್ತೇನೆ ಎಂದೆ. ಅವರು ತಲೆಯಾಡಿಸಿ ಹೋದರು.

ಮುಂದಿನ ಯುಗಾದಿಗೆ ಹಾಕಿದೆ. ಕೆಳಗಿನ ಸಾಲಿನಲ್ಲಿ, ಬಾಗಿಲು ತೆರೆದಾಗ ಮರೆಯಾಗುವ ಕಡೆಗೆ.